ಕೊಳ: ನಾಲ್ಕು ದನಿಗಳಿಗೆ, ಪಕ್ಕವಾದ್ಯವಿಲ್ಲದೆ

ಕುರ್ಚಿ ಸದ್ದು ಸಾಕು. ಕಾಫಿ ಲೋಟ ಕೆಳಗಿಡಿ.
ಗೊರಗುಟ್ಟುವ ಆ ಹೀಟರನ್ನು ಯಾರಾದರೂ ಆರಿಸಿ,
ಇನ್ನೆರಡು ಗಂಟೆ ಒಬ್ಬರ ಮೈಶಾಖವೇ ಇನ್ನೊಬ್ಬರಿಗೆ ಗತಿ.
ಹದಿನೇಳನೇ ಪುಟ. ಮೊದಲು ಸೊಪ್ರಾನೊ.

ನೀವು ನೀರು.
ಹಾಗಂತ ಅಲೆ ಎಬ್ಬಿಸಬೇಡಿ, ಲಾರೆಟ್ಟಾ, ಇದು ಸಮುದ್ರವಲ್ಲ.
ನಗರಸಭೆಯ ಈಜುಕೊಳ. ಉದ್ದ ನೂರಡಿ, ಅಗಲ ನಲವತ್ತು.
ತಳಕ್ಕೆ ನೀಲಿ ಬಳಿದಿದ್ದಕ್ಕೆ ನೀಲಿಯಾಗಿದ್ದ ನೀರು,
ಅದಕ್ಕೆ ಆಕಾಶದ ಹಂಗಿರಲಿಲ್ಲ.
ಒಂದೇ ಸ್ವರ, ಅಲುಗದೆ, ಎಂಟು ಆವರ್ತ.

ಟೆನರ್‌ಗಳು ಬೇಲಿ. ತಂತಿಬೇಲಿ.
ಕಣ್ಣು ಕಣ್ಣಾಗಿ, ನಡುವೆ ಬಿಟ್ಟು ಬಿಟ್ಟು ಹಾಡಿ:
ನೋಡಲಿಕ್ಕೆ ಅಡ್ಡಿಯಿಲ್ಲ,
ದಾಟಲಿಕ್ಕೆ ಮಾತ್ರ.

ಪದಗಳಿರುವುದು ಆಲ್ಟೋಗಳಿಗಷ್ಟೇ.
ಅವು ನಾನು ಬರೆದವಲ್ಲ,
ಸಭೆಯ ನಡವಳಿ ಪುಸ್ತಕದಿಂದ ಇದ್ದ ಹಾಗೇ ಇಳಿಸಿಕೊಂಡೆ.
ಕರಿಯ ಮಕ್ಕಳೂ ಇಳಿಯಬಹುದೆಂದು ಕೋರ್ಟು ಹೇಳಿದ
ಹನ್ನೊಂದನೇ ದಿನದ ಪುಟ:
"ನಿರ್ವಹಣೆಯ ವೆಚ್ಚವನ್ನು ಗಮನದಲ್ಲಿರಿಸಿಕೊಂಡು
ಸದರಿ ಕೊಳವನ್ನು ಮಣ್ಣು ತುಂಬಿ ಸಮ ಮಾಡತಕ್ಕದ್ದು."
'ಸದರಿ'ಯ ಮೇಲೆ ತೂಕ ಹಾಕಬೇಡಿ. ಅವರು ಹಾಕಿರಲಿಲ್ಲ.
ಮೈಲಿಗೆ ಎಂಬ ಮಾತು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ,
ಹುಡುಕಿದೆ. ಕೈಬರಹ ಮುತ್ತಿನಂತಿದೆ.
ಸಿಟ್ಟು ಬೆರೆಸಿದರೆ ಕೆಟ್ಟುಹೋಗುತ್ತದೆ ಇದು.
ಗುಮಾಸ್ತನ ಹಾಗೆ ಹಾಡಿ,
ಊಟದ ಹೊತ್ತಿಗೆ ಮುಗಿಸಬೇಕಾದ ಗುಮಾಸ್ತನ ಹಾಗೆ.

ಈಗ ಬೇಸ್. ನೀವು ಲಾರಿ.
ಅಲಬಾಮಾದ ಕೆಂಪು ಜೇಡಿ, ನಾಲ್ಕು ದಿನ, ತೊಂಬತ್ತಾರು ಲೋಡು.
ಮಂದ್ರದ ತಳಕ್ಕಿಳಿದು, ಅಲ್ಲೇ, ಇಂಜಿನ್ನು ಆರಿಸದೆ…
ಏನು, ವೆಂಡೆಲ್? ಯಾಕೆ ನಿಲ್ಲಿಸಿದಿರಿ?

ವೆಂಡೆಲ್ ಕ್ರೌಚ್, ಅರವತ್ತೊಂಬತ್ತು, ಪುಟ ಮಡಚಿ
"ಆ ಲಾರಿ ಓಡಿಸಿದ್ದು ನಮ್ಮಪ್ಪ" ಎಂದರು.
"ಲೋಡಿಗೆ ಒಂದು ಡಾಲರ್. ಬಿಳಿಯ ಡ್ರೈವರುಗಳು ಆ ದರಕ್ಕೆ ಬರಲಿಲ್ಲ.
ನಾನು ಒಂದನೇ ಕ್ಲಾಸಿಗೆ ಹಾಕಿಕೊಂಡು ಹೋದ ಬೂಟು
ಆ ಮಣ್ಣಿನದು."

ಹೀಟರ್ ಆರಿದ ಚರ್ಚಿನ ನೆಲಮಾಳಿಗೆ
ಎಷ್ಟು ದೊಡ್ಡದೆಂದು ಆಗ ಗೊತ್ತಾಯಿತು.

ಎರಡನೇ ಸಾಲಿನಲ್ಲಿ ನನ್ನ ಚಿಕ್ಕಜ್ಜಿ ವರ್ನೆಲ್,
ಆ ಬೇಸಿಗೆ ಒಂಬತ್ತು ತುಂಬಿದ್ದವಳು,
ಫ್ರಾಕಿನೊಳಗೆ ಹಳದಿ ಈಜುಡುಗೆ ತೊಟ್ಟು
ಬೇಲಿ ಹಿಡಿದು ನಿಂತಿದ್ದವಳು,
ಇವತ್ತಿಗೂ ಪಾದ ಮುಳುಗುವಷ್ಟು ನೀರಿಗೂ ಇಳಿಯದವಳು,
ಹಾಳೆಯಿಂದ ಕಣ್ಣೆತ್ತದೆ ಅಂದಳು:

"ಗೊತ್ತು ಕಣೋ. ನನ್ನ ನೋಡಿ ಹಾರ್ನು ಹೊಡೆದಿದ್ದ,
ಮಕ್ಕಳು ಕಂಡರೆ ಹೊಡೀತಾರಲ್ಲ, ಹಾಗೆ.
ಆಮೇಲೆ ತಲೆ ತಗ್ಗಿಸಿದ.
ಅರವತ್ತು ವರ್ಷದಿಂದ ಕಿವಿಯಲ್ಲಿ ಅದೇ ಹಾರ್ನು.
ಹಾಡು ನೀನು. ಗಟ್ಟಿಯಾಗಿ ಹಾಡು.
ಲಾರಿ ಕೇಳದಿದ್ದರೆ ನನ್ನ ಸ್ವರಕ್ಕೆ
ಎಲ್ಲಿ ನಿಲ್ಲಬೇಕೋ ತಿಳಿಯೋದಿಲ್ಲ."

ಮೂವತ್ತೆಂಟು ಪುಟ, ಎರಡು ಚಳಿಗಾಲ, ದಾಖಲೆ ಕೋಣೆಯ ಧೂಳು.
ಎಲ್ಲ ಬರೆದವಳು
ಹಾರ್ನು ಬರೆದಿರಲಿಲ್ಲ.

ಪೆನ್ಸಿಲ್ ತಗೊಳ್ಳಿ.
ಇಪ್ಪತ್ತೆರಡನೇ ಆವರ್ತ, ಎರಡನೇ ಎಣಿಕೆ,
ಬೇಸ್‌ನಿಂದ ಒಂದೇ ದನಿ, ವೆಂಡೆಲ್, ನಿಮ್ಮದು, ಗಿಡ್ಡಕ್ಕೆ.
ಯಾವ ಸ್ವರ ಅಂತ ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ.
ಅವಳು ಗುನುಗಿದಳು. ಪಿಯಾನೋದಲ್ಲಿ ತಡಕಾಡಿದೆ,
ಎರಡು ಮನೆಗಳ ನಡುವೆ ಎಲ್ಲೋ ಬೀಳುತ್ತದೆ.
ಬಾಣ ಹಾಕಿ ಗುರುತಿಟ್ಟುಕೊಳ್ಳಿ: ತುಸು ಕೆಳಗೆ.

ಇನ್ನೊಂದು. ಕೊನೆಯ ಪುಟದಲ್ಲಿ ನೀರಿನ ಸ್ವರ ಮತ್ತೆ ಬರುತ್ತದೆ,
ಎಲ್ಲರಿಗೂ, ಲಾರಿಗೂ ಬೇಲಿಗೂ.
ಅದು ಕಡಿಯಬಾರದು. ಒಟ್ಟಿಗೆ ಉಸಿರೆಳೆಯಬೇಡಿ.
ಪಕ್ಕದವರು ಹಿಡಿದಿದ್ದಾರೆಂದು ಖಾತ್ರಿಯಾದ ಮೇಲೆ ನೀವು ಬಿಡಿ,
ಕದ್ದು ಒಂದು ಗುಟುಕು ಗಾಳಿ ಕುಡಿದು ಮತ್ತೆ ಬನ್ನಿ.
ಯಾರು ಯಾವಾಗ ಬಿಟ್ಟರೆಂದು
ಕೇಳುವವರಿಗೆ ತಿಳಿಯಕೂಡದು.

ಮೇ ಹತ್ತರಂದು ಹಾಡುವುದು ಅಲ್ಲೇ, ಹುಲ್ಲಿನ ಮೇಲೆ.
ಹಿಂದಿನ ರಾತ್ರಿ ಮಳೆ ಬಂದಿದ್ದರೆ ರಬ್ಬರ್ ಬೂಟು ತನ್ನಿ,
ತುಂಬಿದ ಮಣ್ಣು ಒಂದು ಗೇಣು ಕುಸಿದಿದೆ.
ನೂರಡಿ ಉದ್ದ, ನಲವತ್ತಡಿ ಅಗಲ
ನೀರು ನಿಲ್ಲುತ್ತದೆ.

ತನಗೆ ಬೂಟು ಬೇಡ ಎಂದಿದ್ದಾಳೆ ಚಿಕ್ಕಜ್ಜಿ.